ಸಹಿ ಮಾತ್ರ ನನ್ನದು

ಆಗಸ್ಟ್ 6, ಮಂಗಳವಾರ

ಏಳೂ ಮುಕ್ಕಾಲಿಗೆ ಮೈದಾನ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಜೆರ್ಸಿ ಒಗೆಯುವ ಯಾಂತ್ಯೆ ಆಗಲೇ ಬಂದಿದ್ದಳು. ಕಾಫಿ ಮೆಷಿನ್ ಮತ್ತೆ ಕೆಟ್ಟಿದೆ, ಬರೀ ಬಿಸಿನೀರು ಉಗುಳುತ್ತದೆ. ಕೋನ್ ಜೋಡಿಸಿದೆ, ಇಪ್ಪತ್ತನಾಲ್ಕು. ಹೇಗೆ ಜೋಡಿಸಬೇಕೆಂದು ಯೊರಿತ್ ನಿನ್ನೆಯೇ ಫೋನಿಗೆ ಚಿತ್ರ ಕಳಿಸಿದ್ದ. ಐವತ್ತೆಂಟರ ಹೆಡ್ ಕೋಚ್, ಮೂವತ್ತನಾಲ್ಕರ ಅಸಿಸ್ಟೆಂಟ್ ಕಳಿಸಿದ ಚಿತ್ರ ನೋಡಿಕೊಂಡು ಬಗ್ಗಿ ಬಗ್ಗಿ ಕೋನ್ ಇಡುತ್ತಿದ್ದಾನೆ.

ಕೋಚ್ ಕೋಣೆಯ ಬಾಗಿಲಿಗೆ ನನ್ನ ಹೆಸರಿನ ಹೊಸ ಫಲಕ ಹಾಕಿದ್ದಾರೆ. ‘ಲುಬ್ಬರ್ಟ್ ಹಾಂಡ್ರಿಕ್‌ಮನ್, ಹೆಡ್ ಕೋಚ್’. ಕೋಣೆಯ ಕೀಲಿ ಯೊರಿತ್ ಹತ್ತಿರ.

ಯಾಂತ್ಯೆ ಫಲಕ ನೋಡಿ ನಕ್ಕಳು. “ಚೆನ್ನಾಗಿದೆ ಕಣೋ. ಜೆರ್ಸಿ ಒಗೆಯೋವಾಗ ಇದನ್ನೂ ಒಂದು ಕೈ ಒರೆಸ್ತೀನಿ ಬಿಡು.” ನಾನು ಇಲ್ಲಿ ಆಡುತ್ತಿದ್ದಾಗಲೂ ಅವಳೇ ಒಗೆಯುತ್ತಿದ್ದಳು. ಅವಳಿಗೆ ಮಾತ್ರ ನಾನಿನ್ನೂ ‘ಕಣೋ’.

ಈ ಏರ್ಪಾಡು ಎಲ್ಲೂ ಬರೆದಿಟ್ಟಿಲ್ಲ. ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ. ಯೊರಿತ್ ಫಾಲ್ಕೆಮಾ ದೇಶದ ಫುಟ್‌ಬಾಲ್ ತಂಡಕ್ಕೆ ಅರವತ್ತೊಂದು ಪಂದ್ಯ ಆಡಿದವನು. ಆಟ ಬಿಟ್ಟು ಮೂರು ತಿಂಗಳಾಯಿತು. ನಮ್ಮ ವೇನ್‌ಡ್ರೆಖ್ಟ್ ಕ್ಲಬ್ಬಿಗೆ ಅವನೇ ಕೋಚ್ ಆಗಬೇಕು, ಆದರೆ ಅವನಿಗೆ ಕೋಚಿಂಗ್ ಲೈಸೆನ್ಸ್ ಇಲ್ಲ. ಆ ಲೈಸೆನ್ಸ್ ಇಲ್ಲದವನು ವೃತ್ತಿ ತಂಡಕ್ಕೆ ಹೆಡ್ ಕೋಚ್ ಆಗುವಂತಿಲ್ಲ. ನನಗೆ ಲೈಸೆನ್ಸ್ ಇದೆ. ಕೆಲಸ ಇಲ್ಲ. ಕ್ಲಬ್ಬಿನ ಡೈರೆಕ್ಟರ್ ನೈಹೌಸ್, ನನ್ನ ಶಾಲೆಯ ಜೊತೆಗಾರ, ಜೂನ್‌ನಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ: “ನಿನ್ನ ಕಾಗದ, ಅವನ ತಲೆ. ಅವನಿಗೆ ಲೈಸೆನ್ಸ್ ಸಿಗೋವರೆಗೆ, ಒಂದೇ ವರ್ಷ. ನೀನು ಸಹಿ ಮಾಡು, ಬೆಂಚಲ್ಲಿ ಕೂತ್ಕೋ. ಉಳಿದದ್ದು ಅವನು ನೋಡ್ಕೊಳ್ತಾನೆ. ಎಲ್ಲಾ ಕ್ಲಬ್ಬಲ್ಲೂ ಮಾಡ್ತಾರಪ್ಪ, ನೀನೇನು ಕೊಲೆ ಮಾಡ್ತಿಲ್ಲ.”

ಹತ್ತು ನಿಮಿಷದಲ್ಲಿ ಒಪ್ಪಿದೆ. ಯೋಚಿಸುತ್ತೇನೆ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈ ಕ್ಲಬ್ಬಿಗಾಗಿ ನೂರ ನಲವತ್ತಮೂರು ಗೋಲು ಹೊಡೆದಿದ್ದೇನೆ. ಇಲ್ಲಿಯ ಬೆಂಚಿನಲ್ಲಿ ಒಮ್ಮೆ ಕೂರಬೇಕೆಂಬ ಆಸೆ ಇಪ್ಪತ್ತೆಂಟು ವರ್ಷದ್ದು.

ಆಗಸ್ಟ್ 10, ಶನಿವಾರ

ನಿನ್ನೆ ಮೊದಲ ಪಂದ್ಯ. 3–0, ಗೆಲುವು. ಹುಡುಗರು ಚೆನ್ನಾಗಿ ಆಡಿದರು. ಯೊರಿತ್ ಕೆಲಸ ಬಲ್ಲವನು, ಅದನ್ನು ಒಪ್ಪಲೇಬೇಕು. ಕೆಟ್ಟವನಾಗಿದ್ದರೆ ದ್ವೇಷಿಸುವುದಾದರೂ ಸುಲಭವಿತ್ತು.

ಒಂದು ತಮಾಷೆಯಾಯಿತು. ಗೆರೆಯ ಹತ್ತಿರ ನಿಂತು ಕೂಗುವ ಹಕ್ಕು ಹೆಡ್ ಕೋಚ್ ಒಬ್ಬನಿಗೇ. ಯೊರಿತ್ ಎದ್ದು ನಿಂತು ಕೂಗುತ್ತಿದ್ದ. ಬೆಂಚುಗಳ ಮೇಲೆ ಕಣ್ಣಿಡುವ ನಾಲ್ಕನೇ ರೆಫರಿ ಬಂದ. “ನೀವು ಅಸಿಸ್ಟೆಂಟ್ ಅಲ್ವಾ? ಕೂತ್ಕೊಳ್ಳಿ. ಎಲ್ಲಿ ನಿಮ್ಮ ಕೋಚು?” ನಾನು ಕೈ ಎತ್ತಿದೆ. ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅರ್ಧ ಆಟದ ವಿರಾಮದಲ್ಲಿ ಯೊರಿತ್ ಉಪಾಯ ಹೇಳಿದ. “ಲುಬ್ಬರ್ಟ್, ನೀವು ನನ್ನ ಮುಂದೇನೇ ನಿಂತ್ಕೊಳ್ಳಿ. ನಾನು ಕೂತೇ ಇರ್ತೀನಿ. ಕೋಟಿನ ಅಂಚು ಒಂದ್ಸಲ ಎಳೆದ್ರೆ ಎಲ್ಲರೂ ಮುಂದೆ ಅಂತ ಕೈ ಮಾಡಿ. ಎರಡು ಸಲ ಎಳೆದ್ರೆ ಹಿಂದೆ. ಬೇರೆ ಏನಾದ್ರೂ ಇದ್ರೆ ಬಾಯಲ್ಲಿ ಹೇಳ್ತೀನಿ. ಬೇಜಾರಿಲ್ಲ ತಾನೇ?”

ಬೇಜಾರಿಲ್ಲ ಎಂದೆ. ನಲವತ್ತೈದು ನಿಮಿಷ ಎಳೆಸಿಕೊಂಡೆ. ಆಮೇಲೆ ಪತ್ರಕರ್ತರ ಮುಂದೆ ಮೊದಲು ನಾನೇ ಕೂರಬೇಕು, ನಿಯಮ. ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕೂ ಯೊರಿತ್ ಬಗ್ಗೆ.

ಸೆಪ್ಟೆಂಬರ್ 21, ಶನಿವಾರ

ನಿನ್ನೆ 0–4. ಈವತ್ತಿನ ಪೇಪರಿನ ತಲೆಬರಹ: ‘ಹಾಂಡ್ರಿಕ್‌ಮನ್ ತಂಡ ನೆಲಕಚ್ಚಿತು’. ಆಗಸ್ಟ್‌ನ ಪೇಪರ್ ತೆಗೆದು ನೋಡಿದೆ: ‘ಫಾಲ್ಕೆಮಾ ಹುಡುಗರ ಮಿಂಚು’. ಗೆದ್ದರೆ ಅವನ ತಂಡ, ಸೋತರೆ ನನ್ನದು. ಪೇಪರಿನವರ ತಪ್ಪಲ್ಲ. ಪ್ರತಿ ಪಂದ್ಯಕ್ಕೂ ನಾನು ಸಹಿ ಹಾಕುವ ಫಾರಂನಲ್ಲಿರುವ ಹೆಸರನ್ನೇ ಬರೆದಿದ್ದಾರೆ ಪಾಪ. ಸೋತ ದಿನ ಮಾತ್ರ ಫಾರಂ ತೆಗೆದು ನೋಡುತ್ತಾರೆ, ಅಷ್ಟೆ.

ಆಟಗಾರರು ಯೊರಿತ್‌ನನ್ನು ‘ಕೋಚ್’ ಎನ್ನುತ್ತಾರೆ. ನನ್ನನ್ನು ‘ಲುಬ್ಬರ್ಟ್’.

ಅಕ್ಟೋಬರ್ 13, ಭಾನುವಾರ

ಫ್ರೌಕೆ ಬಂದಿದ್ದಳು. ಮಗಳು. ಮೂರು ವಾರ ಮುಂಚೆ ಡೈರಿ ನೋಡಿ ಸಮಯ ಕೊಟ್ಟಿದ್ದಳು: ನಾಲ್ಕರಿಂದ ಐದೂವರೆ. ನಾಲ್ಕಕ್ಕೆ ಸರಿಯಾಗಿ ಬೆಲ್. ಕಾಫಿ, ಒಂದೊಂದು ಬಿಸ್ಕತ್ತು, ಡಬ್ಬಿಯ ಮುಚ್ಚಳ ಹಾಕಿ ಒಳಗಿಟ್ಟೆ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು. ಕೈ ತಾನಾಗಿ ಮಾಡುತ್ತದೆ.

ಮಗಳು ಸುತ್ತಿಬಳಸಿ ಮಾತಾಡುವವಳಲ್ಲ. “ಅಪ್ಪಾ, ಮ್ಯಾಚ್ ನೋಡ್ದೆ. ನಿನ್ನ ಕೋಟು ಯಾಕೆ ಹಿಂದಕ್ಕೆ ಜಗ್ತಾ ಇರುತ್ತೆ?”

“ಗಾಳಿ.”

“ಗಾಳಿ ಎರಡೆರಡು ಸಲ ಎಳೆಯುತ್ತಾ?” ಕಪ್ಪು ಕೆಳಗಿಟ್ಟಳು. “ನೀನು ರಬ್ಬರ್ ಸ್ಟಾಂಪ್ ಆಗಿದ್ದೀಯ ಅಂತ ನನಗನ್ನಿಸುತ್ತೆ. ಹೇಳೋಣ ಅಂತಲೇ ಬಂದೆ. ಫೋನಲ್ಲಿ ಹೇಳೋ ಮಾತಲ್ಲ ಅಂತ.”

“ಒಂದೇ ವರ್ಷ ಮಗಾ.”

“ಆಮೇಲೆ?”

ಆಮೇಲಿನದು ನನಗೂ ಗೊತ್ತಿಲ್ಲ. ನನಗೆ ಬೇಕಾದದ್ದು ದೊಡ್ಡದೇನಲ್ಲ. ಒಂದು ಸಲ, ಒಂದೇ ಸಲ, ಈ ತಂಡ ನನ್ನ ಮಾತಿನಂತೆ ಆಡಬೇಕು. ಅದು ನನ್ನದು ಎಂದು ಜನಕ್ಕೆ ಗೊತ್ತಾಗಬೇಕು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ. ಐದೂವರೆಗೆ ಎದ್ದು ಹೊರಟಳು.

ನವೆಂಬರ್ 14, ಗುರುವಾರ

ಸ್ಟೈನ್ ನಮ್ಮ ಸ್ಟ್ರೈಕರ್. ಇಪ್ಪತ್ತೆರಡು, ಕುದುರೆಯಂತೆ ಓಡುತ್ತಾನೆ. ಎಂಟು ಪಂದ್ಯದಿಂದ ಗೋಲಿಲ್ಲ. ಯೊರಿತ್ ಅವನಿಗೆ ಓಡುವ ದಾರಿ ಬದಲಿಸಿ ನೋಡಿದ, ಜಾಗ ಬದಲಿಸಿ ನೋಡಿದ, ಉಪಯೋಗವಾಗಲಿಲ್ಲ. ನನಗೆ ಎರಡನೇ ವಾರದಲ್ಲೇ ಕಂಡಿತ್ತು. ಒದೆಯುವ ಮುಂಚೆ ಕಣ್ಣೆತ್ತಿ ಗೋಲ್‌ಕೀಪರನ್ನು ನೋಡುತ್ತಾನೆ. ಅರೆಗಳಿಗೆ ಬೇಗ. ಚೆಂಡು ಬೆರಳಿಗೆ ಸಿಗುತ್ತದೆ, ಪಾದದ ಮೇಲ್ಭಾಗಕ್ಕಲ್ಲ.

ಪ್ರಾಕ್ಟೀಸ್ ಮುಗಿದ ಮೇಲೆ ಹೇಳಿದೆ: “ಕಣ್ಣು ಎತ್ತಬೇಡ ಮಾರಾಯ. ಗೋಲು ಎಲ್ಲೂ ಹೋಗಲ್ಲ. ಚೆಂಡು ಹೋಗುತ್ತೆ. ಕಾಲಿಗೆ ಬಡಿದ ಸದ್ದು ಕೇಳೋವರೆಗೂ ಚೆಂಡನ್ನೇ ನೋಡು.”

ಶೂ ಬಿಚ್ಚುತ್ತಲೇ ಇದ್ದ. “ಹೂಂ ಲುಬ್ಬರ್ಟ್. ನಾಳೆ ನೋಡೋಣ.”

ನಾಳೆ ನೋಡುವುದಿಲ್ಲ. ಆ ‘ಹೂಂ’ ನನಗೆ ಚೆನ್ನಾಗಿ ಗೊತ್ತು. ನಾನೂ ಎಷ್ಟೋ ಕೋಚ್‌ಗಳಿಗೆ ಹಾಗೇ ಅಂದವನು. ತಿರುಗಿ ಹೊರಟವನು ಮತ್ತೆ ಬಂದೆ.

“ಯೊರಿತ್ ಹೇಳಿದ್ದು ಇದು. ನಿನ್ನ ಕೈಲಿ ಮಾಡಿಸು ಅಂತ.”

ತಲೆ ಎತ್ತಿದ. “ಕೋಚ್ ಹೇಳಿದ್ರಾ? ಮೊದಲೇ ಹೇಳಬಾರದಾ!” ಶೂ ಮತ್ತೆ ಕಟ್ಟಿದ. ಇಪ್ಪತ್ತು ನಿಮಿಷ, ಅರವತ್ತು ಚೆಂಡು. ಕೊನೆಯ ಹತ್ತರಲ್ಲಿ ಒಂಬತ್ತು ಒಳಗೆ. ಆ ಸದ್ದು! ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಖುಷಿಯಾಗಿ ಮನೆಗೆ ಬಂದೆ. ಸುಳ್ಳು ಹೇಳಿದ್ದೇನೋ ನಿಜ. ಆದರೂ ಖುಷಿಯಾಗಿತ್ತು.

ಡಿಸೆಂಬರ್ 7, ಶನಿವಾರ

ಸ್ಟೈನ್ ಮೂರು ಪಂದ್ಯದಲ್ಲಿ ಐದು ಗೋಲು. ನಿನ್ನೆ ಟಿವಿಯಲ್ಲಿ ಯೊರಿತ್: “ಅವನ ಜೊತೆ ನಾವು ತುಂಬಾ ಕೆಲಸ ಮಾಡಿದ್ವಿ.” ನಾವು! ನವೆಂಬರಿನ ಆ ಗುರುವಾರ ಸಂಜೆ ಅವನು ಹೆಂಡತಿಯ ಜೊತೆ ಸೋಫಾ ಕೊಳ್ಳಲು ಹೋಗಿದ್ದ.

ಕಾರಿಡಾರಿನಲ್ಲಿ ನನ್ನ ಭುಜ ತಟ್ಟಿದ. “ಹುಡುಗ ಹೇಗೆ ತೆರೆದುಕೊಂಡ ನೋಡಿದ್ರಾ ಲುಬ್ಬರ್ಟ್? ತಾಳ್ಮೆ ಬೇಕು ಅಷ್ಟೆ.” ತಾಳ್ಮೆ ಬೇಕು ಎಂದೆ.

ಜನವರಿ 18, ಶನಿವಾರ

ನೈಹೌಸ್ ಹುಟ್ಟುಹಬ್ಬ. ಹಾಲಿನಲ್ಲಿ ಸುತ್ತಲೂ ಕುರ್ಚಿ, ಇಪ್ಪತ್ತು ಜನ, ಮಂಡಿಯ ಮೇಲೆ ತಟ್ಟೆ, ಕೇಕಿನ ಒಂದು ಚೂರು. ಬಂದವರೆಲ್ಲ ವೃತ್ತದ ಸುತ್ತ ಒಬ್ಬೊಬ್ಬರ ಕೈ ಕುಲುಕಿ ಎಲ್ಲರಿಗೂ ಅಭಿನಂದನೆ ಹೇಳಬೇಕು. ಹೆಂಡತಿಗೆ ಗಂಡನ ಹುಟ್ಟುಹಬ್ಬಕ್ಕೆ, ಅತ್ತೆಗೆ ಅಳಿಯನ ಹುಟ್ಟುಹಬ್ಬಕ್ಕೆ, ಪಕ್ಕದ ಮನೆಯವರಿಗೆ ಪಕ್ಕದ ಮನೆಯವನ ಹುಟ್ಟುಹಬ್ಬಕ್ಕೆ. ನಾನೂ ಸುತ್ತಿದೆ.

ನೈಹೌಸ್‌ನ ಅತ್ತೆ ನನ್ನ ಕೈ ಬಿಡಲಿಲ್ಲ. “ಅಭಿನಂದನೆ ಕಣಪ್ಪ. ಯೊರಿತ್ ಇಷ್ಟು ಚೆನ್ನಾಗಿ ಮಾಡ್ತಿದ್ದಾನೆ, ನಿಂಗೂ ಹೆಮ್ಮೆ ಇರಬೇಕು.” ಸಾಲಿನಲ್ಲಿ ಮುಂದಿದ್ದವರೂ ಹಿಂದಿದ್ದವರೂ ಅದನ್ನೇ ಹಿಡಿದರು. ಯೊರಿತ್‌ಗಾಗಿ ನನಗೆ ಹನ್ನೊಂದು ಜನ ಅಭಿನಂದನೆ ಹೇಳಿದರು. ಎಲ್ಲರಿಗೂ ಧನ್ಯವಾದ ಹೇಳಿದೆ. ಕೇಕಿನ ತಟ್ಟೆ ಕುರ್ಚಿಯ ಕೆಳಗಿಟ್ಟೆ.

ಫೆಬ್ರವರಿ 22, ಶನಿವಾರ

ಬೆಳಗಿನ ನಾಲ್ಕಕ್ಕೇ ಎದ್ದು ಬರೆಯಲು ಕೂತಿದ್ದೇನೆ. ಸಂತೋಷಕ್ಕೆ.

ನಿನ್ನೆ, ಎಂಬತ್ತನೇ ನಿಮಿಷ, 1–1. ಕೋಟು ಎರಡು ಸಲ ಜಗ್ಗಿತು. ಹಿಂದೆ ಸರಿಯಿರಿ ಅಂತ. ಜೊತೆಗೆ ಹಿಂದಿನಿಂದ ದನಿ: “ಸ್ಟೈನ್‌ನ ಆಚೆ ತೆಗೀರಿ, ಡ್ರಾ ಸಾಕು.” ಎದುರಿನ ಸ್ಟಾಪರ್, ಸ್ಟೈನ್‌ನನ್ನು ತಡೆಯಬೇಕಾದವನು, ಕುಂಟುತ್ತಿದ್ದ. ಯೊರಿತ್‌ಗೆ ಕೂತಲ್ಲಿಂದ ಕಾಣುತ್ತಿರಲಿಲ್ಲ. ಎಡಗಾಲು ಊರುವಾಗಲೆಲ್ಲ ಅವನ ಮುಖ ಹಿಂಡಿಕೊಳ್ಳುತ್ತಿತ್ತು. ಇನ್ನು ಎರಡೇ ಓಟ, ಆಮೇಲೆ ಸ್ಟೈನ್ ಅವನಿಗೆ ಸಿಗುವುದಿಲ್ಲ. ಇದು ಸ್ಟ್ರೈಕರ್ ಆಗಿದ್ದವನಿಗೆ ಗೊತ್ತಾಗುವ ವಿಷಯ.

ನಾನು ಅಲ್ಲಾಡಲಿಲ್ಲ. ಮತ್ತೆ ಎರಡು ಸಲ. ಮತ್ತೆ. ಕೋಟಿನ ಹೊಲಿಗೆ ಬಿಟ್ಟ ಸದ್ದು. ತಿರುಗಿದವನೇ ಆ ಕೈ ಮೇಲೆ ಫಟಾರನೆ ಬಾರಿಸಿದೆ. “ಬಿಡೋ!” ಎಂದೆ. ಎಲ್ಲರೂ ಮುಂದೆ ಎಂದು ಕೈ ಮಾಡಿದೆ. ಎಂಬತ್ತೆಂಟನೇ ನಿಮಿಷ: ಸ್ಟೈನ್. ಕುಂಟುವವನ ಪಕ್ಕದಿಂದ. ಕಣ್ಣು ಚೆಂಡಿನ ಮೇಲೆ. 2–1.

ಆ ಎಂಟು ನಿಮಿಷ ತಂಡ ನನ್ನದಾಗಿತ್ತು.

ಯೊರಿತ್ ಸಿಟ್ಟಾಗಲಿಲ್ಲ. ಅಪ್ಪಿಕೊಂಡು ಗಹಗಹಿಸಿದ. “ಹುಚ್ಚು ಮುದುಕ! ಕೈ ಮುರಿದಿದ್ರೆ?” ಪತ್ರಕರ್ತರಿಗೆ ಅವನೇ ಹೇಳಿದ, ಸ್ಟೈನ್‌ನನ್ನು ಉಳಿಸಿಕೊಂಡದ್ದು ಲೆಕ್ಕ ಹಾಕಿಯೇ ತೆಗೆದುಕೊಂಡ ಅಪಾಯ ಅಂತೆ.

ಫೆಬ್ರವರಿ 24, ಸೋಮವಾರ

ಕ್ಯಾಮೆರಾ ಎಲ್ಲಾ ಹಿಡಿದಿದೆ. ಹದಿನಾಲ್ಕು ಸೆಕೆಂಡಿನ ತುಣುಕು. ಕೋಟು ಜಗ್ಗುವ ಕೈ, ನನ್ನ ಏಟು. ದೇಶವೆಲ್ಲ ನೋಡುತ್ತಿದೆ. ಯಾರೋ ಹಿನ್ನೆಲೆಗೆ ಬೊಂಬೆಯಾಟದ ಸಂಗೀತ ಸೇರಿಸಿದ್ದಾರೆ.

ಮಾಂಸದಂಗಡಿಯಲ್ಲಿ ಕ್ಯೂ. ಹಿಂದಿದ್ದವನು ನನ್ನ ಕೋಟು ಒಮ್ಮೆ ಎಳೆದ. “ಲುಬ್ಬರ್ಟ್, ಒಂದು ಹೆಜ್ಜೆ ಮುಂದೆ!” ಅಂಗಡಿಯವನು ಸಾಸೇಜ್ ತೂಗುತ್ತಲೇ ನಕ್ಕ. ನಾನೂ ನಕ್ಕೆ. ಸಾಸೇಜ್ ಬಿಟ್ಟು ಮನೆಗೆ ಬಂದುಬಿಟ್ಟೆ.

ಮಾರ್ಚ್ 11, ಮಂಗಳವಾರ

ಬೇರೆ ಕ್ಲಬ್ಬುಗಳ ಕೋಚ್‌ಗಳು ಸೇರಿ ಫುಟ್‌ಬಾಲ್ ಸಂಘಕ್ಕೆ ದೂರು ಕೊಟ್ಟಿದ್ದಾರೆ. ಇಪ್ಪತ್ತನೇ ತಾರೀಖು ವಿಚಾರಣೆ. ಪ್ರಶ್ನೆ ಒಂದೇ: ವೇನ್‌ಡ್ರೆಖ್ಟ್ ತಂಡದ ನಿಜವಾದ ಕೋಚ್ ಯಾರು? ನನ್ನ ಫುಟ್‌ಬಾಲ್ ಜೀವನವನ್ನು ಒಂದು ಪುಟದಲ್ಲಿ ಬರೆದು ತರಬೇಕಂತೆ.

ಬರೆದೆ, ಹರಿದೆ. ಹರಿದದ್ದನ್ನು ಇಲ್ಲಿ ಬರೆಯುತ್ತೇನೆ.

ಹುಟ್ಟಿದ್ದು ಇದೇ ಊರಿನಲ್ಲಿ, ಕಾಲುವೆಯ ಪಕ್ಕದ ಸಾಲುಮನೆಯಲ್ಲಿ. ಅಪ್ಪ ರಟ್ಟಿನ ಕಾರ್ಖಾನೆಯಲ್ಲಿ. ಹದಿನೇಳಕ್ಕೆ ಕ್ಲಬ್ಬಿನ ಮೊದಲ ತಂಡ. ಎಲ್ಲರಿಗಿಂತ ಬೇಗ ಓಡುತ್ತಿರಲಿಲ್ಲ, ಎಲ್ಲರಿಗಿಂತ ಬೇಗ ನಿಲ್ಲುತ್ತಿದ್ದೆ. ಎದುರಿನವರು ದಾಟಿಹೋಗುತ್ತಿದ್ದರು, ಚೆಂಡು ನನ್ನ ಕಾಲಿಗೆ. ಹದಿಮೂರು ವರ್ಷ, ನೂರ ನಲವತ್ತಮೂರು. ಫ್ರೌಕೆ ಹುಟ್ಟಿದ ದಿನ ಎರಡು ಹೊಡೆದೆ. ಆಸ್ಪತ್ರೆಗೆ ಮಾರನೆಯ ದಿನ ಹೋದೆ, ಹೆಂಡತಿ ಮುಖ ತಿರುಗಿಸಿ ಮಲಗಿದ್ದಳು, ಅವಳು ಪೂರ್ತಿ ನನ್ನ ಕಡೆ ತಿರುಗಲೇ ಇಲ್ಲ. ಏಳು ವರ್ಷದ ಮೇಲೆ ಬಿಟ್ಟು ಹೋದಳು. ದೇಶದ ತಂಡಕ್ಕೆ ಒಂದು ಪಂದ್ಯ: ಒಂಬತ್ತು ನಿಮಿಷ. ಚೆಂಡು ಮೂರು ಸಲ ಮುಟ್ಟಿದೆ. ಮೂವತ್ತಕ್ಕೆ ಮಂಡಿ ಹೋಯಿತು.

ಆಮೇಲೆ ಕೋಚ್. ಶನಿವಾರದ ಹವ್ಯಾಸಿ ತಂಡಗಳು. ಬೇಕರಿಯವರು, ಬಸ್ ಡ್ರೈವರುಗಳು. ಲೈಸೆನ್ಸಿಗೆ ಮೂರು ಸಲ ಅರ್ಜಿ ಹಾಕಿದೆ. ದೊಡ್ಡ ಹೆಸರಿನವರಿಗೆ ಮೊದಲು ಸೀಟು. ಸಿಕ್ಕಾಗ ನಲವತ್ತಾರು. ಅಲ್ಲಿ ಎಲ್ಲ ಕಲಿತೆ. ವೃತ್ತಿ ತಂಡವೊಂದೂ ಕರೆಯಲಿಲ್ಲ. “ಗಟ್ಟಿ ಮನುಷ್ಯ, ಆದರೆ ಜನ ಗುರುತಿಸೋ ಮುಖ ಇಲ್ಲ” ಎಂದು ಒಬ್ಬ ಡೈರೆಕ್ಟರ್ ನನ್ನೆದುರೇ ಹೇಳಿದ. ಮುಚ್ಚಿಟ್ಟು ಮಾತಾಡುವುದು ನಮ್ಮವರಿಗೆ ಬರುವುದಿಲ್ಲ. ಹನ್ನೆರಡು ವರ್ಷ ಆ ಕಾಗದ ಡ್ರಾಯರಿನಲ್ಲಿತ್ತು. ಕೊನೆಗೆ ಕರೆದರು, ಕಾಗದವನ್ನು.

ಮಾರ್ಚ್ 16, ಭಾನುವಾರ

ನೈಹೌಸ್ ಬಂದ. ಹೇಳದೆ ಕೇಳದೆ, ಸಮಯ ಕೊಡದೆ. ಅಂದರೆ ಹೆದರಿದ್ದಾನೆ.

“ನೀನೇ ಕೋಚಾ ಅಂತ ಕೇಳ್ತಾರೆ. ಹೌದು ಅಂದ್ರೆ ಮುಗೀತು. ಅಲ್ಲ ಅಂದ್ರೆ ಪಾಯಿಂಟ್ ಕಿತ್ಕೊಳ್ತಾರೆ. ಮೇಲಿನ ಡಿವಿಷನ್ನಿಗೆ ಹೋಗೋ ಆಟಾನೇ ಇರಲ್ಲ. ಮೂವತ್ತು ವರ್ಷ ಕಾದಿರೋ ಊರು ಲುಬ್ಬರ್ಟ್.”

“ನಿಜ ಹೇಳಿದ್ರೆ?”

“ನಿಜ ಹೇಳಿದ್ರೆ ನಿನ್ನ ಲೈಸೆನ್ಸೂ ಹೋಗುತ್ತೆ. ಸಹಿ ಹಾಕಿದವನು ನೀನು, ನಾನಲ್ಲ.” ಕಾಫಿ ಕುಡಿದ. “ಸ್ಟೈನ್, ಕ್ಯಾಪ್ಟನ್ ಮಿಲ್ಟನ್, ಇಬ್ಬರ ಕೈಲೂ ಬರೆಸಿಕೊಂಡಿದ್ದೀನಿ. ನೀನೇ ಕೋಚ್ ಅಂತ. ಹುಡುಗರು ಸಹಿ ಹಾಕಿದ್ದಾರೆ.”

ಸಂಜೆ ಫ್ರೌಕೆಗೆ ಫೋನ್ ಮಾಡಿದೆ. ಅವಳದು ಒಂದೇ ಮಾತು. “ನಿಜ ಹೇಳಿಬಿಡಪ್ಪಾ. ಹೋದ್ರೆ ಹೋಗ್ಲಿ.”

ಮಾರ್ಚ್ 20, ಗುರುವಾರ

ಮೂವರು. ವಿಚಾರಣೆ ಮಾಡುವವರು. ನಡುವೆ ಕನ್ನಡಕದ ಹೆಂಗಸು, ವಕೀಲೆ. ತುಣುಕನ್ನು ಗೋಡೆಯ ಮೇಲೆ ಹಾಕಿ ತೋರಿಸಿದರು. ಮೂರು ಸಲ.

“ಫಾಲ್ಕೆಮಾ ಅವರು ನಿಮ್ಮ ಕೋಟು ಎಳೀತಿದ್ದಾರೆ. ಅಲ್ವಾ?”

“ಹೌದು.”

“ಯಾಕೆ?”

“ಅವನಿಗೆ ಸ್ಟೈನ್‌ನ ತೆಗೀಬೇಕಿತ್ತು.”

“ನೀವು?”

“ಕೈ ಮೇಲೆ ಹೊಡೆದೆ.”

“ಯಾಕೆ ಹೊಡೆದಿರಿ?”

“ಕೋಚ್ ನಾನು. ಅದಕ್ಕೆ.”

ಹೇಳಿಬಿಟ್ಟೆ. ಆ ಎಂಟು ನಿಮಿಷದ ಮಟ್ಟಿಗೆ ಅದು ಸತ್ಯ. ಆ ಸತ್ಯವನ್ನೇ ಎಳೆದು ಇಡೀ ವರ್ಷದ ಮೇಲೆ ಹೊದಿಸಿದೆ. ಹೆಂಗಸು ಕನ್ನಡಕ ತೆಗೆದು ನನ್ನನ್ನು ನೋಡಿದಳು. ನಂಬಿದಳು. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ತೀರ್ಪು ಸಂಜೆಯೇ ಬಂತು. ಲುಬ್ಬರ್ಟ್ ಹಾಂಡ್ರಿಕ್‌ಮನ್ ತಂಡದ ಏಕೈಕ ಜವಾಬ್ದಾರಿಯುತ ಕೋಚ್. ಯೊರಿತ್ ಅತಿಯಾಗಿ ತಲೆಹಾಕಿದ್ದಕ್ಕೆ ಸೀಸನ್ ಮುಗಿಯುವವರೆಗೆ ಬೆಂಚಿನಲ್ಲಿ ಕೂರುವಂತಿಲ್ಲ, ಗ್ಯಾಲರಿಯಲ್ಲಿ ಕೂರಬೇಕು.

ಇನ್ನು ಹಿಂದೆ ಯಾರೂ ಇಲ್ಲ. ಫ್ರೌಕೆಗೆ ಮೆಸೇಜ್ ಹಾಕಿದೆ. ನೋಡಿದ್ದಾಳೆ. ಉತ್ತರವಿಲ್ಲ.

ಮೇ 6, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಯೊರಿತ್ ಗ್ಯಾಲರಿಯಿಂದ ಮಿಲ್ಟನ್‌ಗೆ ಹೇಳುತ್ತಾನೆ, ಮಿಲ್ಟನ್ ಮೈದಾನದಲ್ಲಿ ಹೇಳುತ್ತಾನೆ. ಈಗ ಕೋಟು ಕೂಡ ಯಾರೂ ಎಳೆಯುವುದಿಲ್ಲ. ತಂಡ ಕೊನೆಯ ಸುತ್ತಿಗೆ ಬಂದಿದೆ. ಎದುರಾಳಿಯ ಮೈದಾನದಲ್ಲಿ ಮೊದಲ ಪಂದ್ಯ 1–1. ಶುಕ್ರವಾರ ಇಲ್ಲಿ ಗೆದ್ದರೆ ಮೇಲಿನ ಡಿವಿಷನ್.

ಈವತ್ತು ಆಟಗಾರರ ಸಮಿತಿ ಕರೆಸಿತು. ಕ್ಯಾಂಟೀನಿನಲ್ಲಿ ನಾಲ್ವರು. ನನಗೂ ಒಂದು ಕಾಫಿ ಇಟ್ಟಿದ್ದರು. ಮಿಲ್ಟನ್ ಶುರುಮಾಡಿದ. ಒಳ್ಳೆಯ ಹುಡುಗ, ಮಾತು ಮೆತ್ತಗೆ.

“ಲುಬ್ಬರ್ಟ್, ನೇರವಾಗಿ ಹೇಳ್ತೀವಿ, ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೆ ಸಿಟ್ಟಿಲ್ಲ. ಶುಕ್ರವಾರದ ಲಿಸ್ಟ್ ಕೋಚ್ ಕಳಿಸ್ತಾರೆ. ನೀವು ಅದನ್ನೇ ಕಾಪಿ ಮಾಡಿ ಸಹಿ ಹಾಕಿ. ಬೇರೆ ಏನೂ ಪ್ರಯತ್ನ ಮಾಡಬೇಡಿ. ವೋಟ್ ಹಾಕಿದ್ವಿ. ಹದಿನೆಂಟು–ಸೊನ್ನೆ.”

“ಸೊನ್ನೆ?” ಸ್ಟೈನ್ ಕಡೆ ನೋಡಿದೆ. “ನೀನೂನಾ?”

ಸ್ಟೈನ್ ತಲೆ ತಗ್ಗಿಸಲಿಲ್ಲ. “ನಾನೂ. ನಿಮಗೋಸ್ಕರ ನಾವು ಸುಳ್ಳಿಗೆ ಸಹಿ ಹಾಕಿದ್ವಿ. ಅದೇ ಸಾಕಲ್ವಾ? ನೀವು ಅಲ್ಲಿ ಹೋಗಿ ‘ನಾನೇ ಕೋಚ್’ ಅಂದ್ರಂತೆ. ಒಂದು ಕೇಳ್ತೀನಿ. ಈ ವರ್ಷದಲ್ಲಿ ನೀವು ನಮಗೆ ಸ್ವಂತದ್ದು ಏನು ಹೇಳಿದ್ರಿ? ಒಂದು ಹೇಳಿ.”

“ನವೆಂಬರ್. ಕಣ್ಣು ಎತ್ತಬೇಡ ಅಂದಿದ್ದು.”

ನಿಜವಾಗಿಯೂ ಅವನಿಗೆ ಆಶ್ಚರ್ಯ. “ಅದು ಕೋಚ್ ಹೇಳಿದ್ದು ಅಂತ ನೀವೇ ಅಂದ್ರಲ್ಲ! ಅದನ್ನೂ ನಿಮ್ಮದು ಅಂತೀರಾ ಈಗ?”

ಉಳಿದ ಮೂವರು ಮೇಜು ನೋಡುತ್ತಿದ್ದರು. ನನ್ನ ಪರವಾಗಿ ನಾಚಿಕೊಂಡಿದ್ದರು. ಕಾಫಿ ಕುಡಿದು ಎದ್ದೆ.

ಮೇ 9, ಶುಕ್ರವಾರ, ಸಂಜೆ 6.40

ಫಲಕವಿರುವ ಕೋಣೆ. ಈಗ ಕೀಲಿ ನನ್ನ ಹತ್ತಿರ. ಹೊರಗೆ ಹಾಡು, ಡೋಲು, ಗ್ಯಾಲರಿ ತುಂಬಿದೆ. ಯೊರಿತ್‌ನ ಲಿಸ್ಟ್ ಫೋನಿನಲ್ಲಿ. ಫಾರಂ ಎದುರಿಗೆ. ಏಳಕ್ಕೆ ಮುಂಚೆ ರೆಫರಿಗೆ ಕೊಡಬೇಕು, ಕೊಟ್ಟ ಮೇಲೆ ಬದಲಿಸುವಂತಿಲ್ಲ.

ಕಾಪಿ ಮಾಡುತ್ತಾ ಬಂದೆ. ಹತ್ತು ಹೆಸರು. ಹನ್ನೊಂದನೆಯದು ಸ್ಟೈನ್. ಪೆನ್ನು ನಿಂತಿತು. ‘ಬಾಸ್ಟಿಯಾನ್’ ಎಂದು ಬರೆದೆ. ಎರಡನೇ ಸ್ಟ್ರೈಕರ್, ಒಳ್ಳೆಯವನೇ, ಸ್ಟೈನ್‌ನ ಅರ್ಧ ಇಲ್ಲ. ಸ್ಟೈನ್ ಹೆಸರನ್ನು ಬದಲಿ ಆಟಗಾರರ ಪಟ್ಟಿಗೂ ಸೇರಿಸಲಿಲ್ಲ. ಸೇರಿಸಿದರೆ ಮಿಲ್ಟನ್ ಅರ್ಧದಲ್ಲಿ ಅವನನ್ನು ಇಳಿಸಿಬಿಡುತ್ತಾನೆ.

ಆಟದ ಕಾರಣವೇನಾದರೂ ಇದೆಯೇ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

ಸಹಿ ಹಾಕಿದೆ. ಈ ವರ್ಷ ನಲವತ್ತು ಸಹಿ ಹಾಕಿರಬೇಕು. ಇದು ನನ್ನದು.

ಮೇ 10, ಶನಿವಾರ

0–1. ಬಾಸ್ಟಿಯಾನ್ ಎರಡು ಖಾಲಿ ಅವಕಾಶ ಕಳೆದ. ಎರಡೂ ಸ್ಟೈನ್ ನಿದ್ದೆಯಲ್ಲಿ ಹೊಡೆಯುವಂಥವು. ಮುಗಿದಾಗ ಗ್ಯಾಲರಿಯಲ್ಲಿ ಸದ್ದೇ ಇರಲಿಲ್ಲ. ಮುದುಕರು ಅಳುತ್ತಿದ್ದರು. ಯಾಂತ್ಯೆ ಜೆರ್ಸಿಗಳನ್ನು ಬುಟ್ಟಿಗೆ ತುಂಬುತ್ತಾ ನನ್ನ ಕಡೆ ನೋಡಲಿಲ್ಲ.

ಪತ್ರಕರ್ತರ ಕೋಣೆಗೆ ಹೋಗುವಾಗ ಹೆಜ್ಜೆ ಗಟ್ಟಿ. ಕೇಳಲಿ. ಯಾಕೆ ಬಿಟ್ಟೆ ಎಂದು ಕೇಳಲಿ. ವರ್ಷವಿಡೀ ನನ್ನದಲ್ಲದ ಸೋಲುಗಳನ್ನು ಹೊತ್ತಿದ್ದೆ. ಇದನ್ನು ಹೊರುವುದು ಸಲೀಸು, ಇದು ನನ್ನದೇ.

ಬಾಗಿಲು ತೆರೆದರೆ ನನ್ನ ಕುರ್ಚಿಯಲ್ಲಿ ಯೊರಿತ್. ಟೈ ಸಡಿಲ, ಕಣ್ಣು ಕೆಂಪು. ಕ್ಯಾಮೆರಾಗಳೆಲ್ಲ ಅವನ ಮೇಲೆ. “ಕಾಗದದ ಮೇಲೆ ಲುಬ್ಬರ್ಟ್, ಸರಿ. ಅವರನ್ನು ಬಿಟ್ಟುಬಿಡಿ, ಒಳ್ಳೇ ಮನುಷ್ಯ. ಸ್ಟೈನ್‌ನ ಬಿಟ್ಟ ತಪ್ಪು ನನ್ನದು ಅಂತ ಬರ್ಕೊಳ್ಳಿ.” ಪತ್ರಕರ್ತರು ಮೆಚ್ಚಿ ತಲೆಯಾಡಿಸಿದರು. ಯಾರೋ ಚಪ್ಪಾಳೆ ಕೂಡ ತಟ್ಟಿದರು.

ಕಾರಿಡಾರಿನಲ್ಲಿ ನನ್ನನ್ನು ಗೋಡೆಗೆ ನಿಲ್ಲಿಸಿ ಕೇಳಿದ. “ಕಾಪಿ ಮಾಡೋವಾಗ ತಪ್ಪಾಯ್ತಾ ಲುಬ್ಬರ್ಟ್? ಗಡಿಬಿಡೀಲಿ?” ಅವನಿಗೆ ಬೇರೆ ಯಾವುದೂ ಹೊಳೆದೇ ಇಲ್ಲ. “ಪರವಾಗಿಲ್ಲ ಬಿಡಿ. ನಾನು ನೋಡ್ಕೊಂಡೆ. ನಿಮ್ಮ ವಯಸ್ಸಲ್ಲಿ ಬೈಸಿಕೊಳ್ಳಬಾರದು.”

ಈವತ್ತಿನ ಪೇಪರು: ‘ಫಾಲ್ಕೆಮಾ ಎಡವಿದ, ಗಂಡಸಿನಂತೆ ಒಪ್ಪಿಕೊಂಡ’. ನನ್ನ ಹೆಸರು ಎಲ್ಲೂ ಇಲ್ಲ. ಕೊನೆಯ ಪುಟದವರೆಗೂ ನೋಡಿದೆ.

ಮೇ 11, ಭಾನುವಾರ

ಪತ್ರಿಕೆಗೆ ಫೋನ್ ಮಾಡಿದೆ. ಆಯ್ಕೆ ನನ್ನದು, ಸೋಲು ನನ್ನದು ಎಂದೆ. ಹುಡುಗಿ ನಕ್ಕಳು, ಕೆಟ್ಟ ನಗುವಲ್ಲ. “ಹಾಂಡ್ರಿಕ್‌ಮನ್ ಅವರೇ, ಯೊರಿತ್‌ನ ಕಾಪಾಡೋಕೆ ಈಗಲೂ ನೋಡ್ತೀರಲ್ಲ. ಎಷ್ಟು ನಿಯತ್ತು ನಿಮಗೆ.” ಅದನ್ನು ಒಂದು ಸಾಲು ಹಾಕುತ್ತಾಳಂತೆ.

ಮಧ್ಯಾಹ್ನ ಫ್ರೌಕೆ ಫೋನ್. ಎರಡು ತಿಂಗಳಾದ ಮೇಲೆ. ದನಿ ಮೆತ್ತಗಿತ್ತು.

“ಅಪ್ಪಾ, ಊಟ ಆಯ್ತಾ? ಟಿವಿ ನೋಡ್ದೆ. ಮನಸ್ಸಿಗೆ ಹಚ್ಕೋಬೇಡ. ನಿನ್ನ ತಪ್ಪಲ್ವಂತಲ್ಲ.”

ನನ್ನದೇ ತಪ್ಪು ಎಂದು ಬಾಯಿಗೆ ಬಂತು. ಎರಡು ತಿಂಗಳ ಮೇಲೆ ಮಾತಾಡಿದ್ದಾಳೆ. “ಹೂಂ ಮಗಾ” ಎಂದೆ. ಮುಂದಿನ ಭಾನುವಾರ ಬರುತ್ತಾಳಂತೆ, ಮೂರರಿಂದ ಐದು.

ಮೇ 12, ಸೋಮವಾರ, ಬೆಳಿಗ್ಗೆ

ಒಬ್ಬನಿಗಾದರೂ ಗೊತ್ತಿರಲಿ. ಸ್ಟೈನ್‌ಗೆ ಕಾಗದ. ಶುದ್ಧಪ್ರತಿಗೆ ಮುಂಚೆ ಇಲ್ಲಿ.

ಪ್ರಿಯ ಸ್ಟೈನ್, ಶುಕ್ರವಾರ ನಿನ್ನನ್ನು ಬಿಟ್ಟದ್ದು ಯೊರಿತ್ ಅಲ್ಲ. ಕಾಪಿಯ ತಪ್ಪೂ ಅಲ್ಲ. ಬಿಟ್ಟವನು ನಾನು, ಈ ವರ್ಷ ಕೋಚ್ ಆಗಿ ನಾನು ತೆಗೆದುಕೊಂಡ ಎರಡನೇ ನಿರ್ಧಾರ ಅದು. ಕಾರಣ ಕೇಳುವ ಹಕ್ಕು ನಿನಗಿದೆ. ಕಾರಣ…